ಅತ್ತಿಯ ಪುಸ್ತಕದ ಸಣ್ಣಾಕಿ

ಜೇವರ್ಗಿಯಲ್ಲಿ ಗಂಡ ತೀರಿಕೊಂಡ ಮೇಲೆ ಅತ್ತಿ ತವರಿಗೆ ಬಂದಳು. ಅತ್ತಿ ಎಂದರೆ ನಮ್ಮ ಅಪ್ಪನ ಅಕ್ಕ. ಮಕ್ಕಳಿರಲಿಲ್ಲ. ಮಣ್ಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಟ್ರಂಕು ಇಳಿಸಿ, ಒಂದು ತಂಬಿಗೆ ನೀರು ಕುಡಿದು, ಮೊದಲು ಕೇಳಿದ ಮಾತು, ‘ಹಸನ ಮಾಡೂ ಜ್ವಾಳಾ ಏನರೆ ಅದಾವೇನ?’ ಸುಮ್ಮನೆ ಕೂತರೆ ಅಳು ಬಂದೀತೆಂಬ ಹೆದರಿಕೆ ಅವಳಿಗೆ ಎಂದು ಅವ್ವ ಆಮೇಲೆ ಹೇಳುತ್ತಿದ್ದಳು. ನನಗಾಗ ಎಂಟೋ ಒಂಬತ್ತೋ ವರ್ಷ. ತಂಗಿ ಇನ್ನೂ ಸಣ್ಣವಳು, ಲಂಗದ ಲಾಡಿ ತಾನೇ ಕಟ್ಟಿಕೊಳ್ಳಲು ಬಾರದ ವಯಸ್ಸು.

ಮುಂದೆ ಈ ಅತ್ತಿಯೇ ಮಕ್ಕಳ ಕಾದಂಬರಿ ಬರೆದು ಹೆಸರಾದಳು. ಒಂದು ಒಕ್ಕಲುತನದ ಮನೆ, ಆ ಮನೆಯ ಮಕ್ಕಳು, ಅವರ ಜಗಳ, ಎಮ್ಮೆ, ಹೊಲ, ಹೊಳೆ. ಅವಳ ಕತೆಗಳಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ. ಸಾಲೆಗಳಲ್ಲಿ ಅವುಗಳನ್ನು ನಗಿಸುವ ಪುಸ್ತಕಗಳೆಂದು ಓದುತ್ತಿದ್ದರು. ನಮ್ಮ ಮನೆಯಲ್ಲಿ ಅವನ್ನು ಓದಿ ನಕ್ಕವರು ಯಾರೂ ಇಲ್ಲ.

ಅತ್ತಿಗೆ ಕನ್ನಡ ಓದು ಬಂದದ್ದು ಭೀಮಾ ಹೊಳೆಯಾಚೆಯಿಂದ. ಚಿಕ್ಕಂದಿನಲ್ಲಿ ಅವಳನ್ನು ಇಂಡಿ ಕಡೆಯ ಸೋದರಮಾವನ ಮನೆಯಲ್ಲಿ ಇಟ್ಟಿದ್ದರು. ಅಲ್ಲಿ ಕನ್ನಡ ಸಾಲೆಯಿತ್ತು. ನಮ್ಮ ದಂಡೆ ನಿಜಾಮನದು, ಇಲ್ಲಿ ಸಾಲೆಯಲ್ಲಿ ಕಲಿಸುವುದು ಉರ್ದು. ನಾನು ಅಲಿಫ್, ಬೇ ಬರೆದ ಪಾಟಿಯನ್ನು ಒರೆಸಿ ಅದರ ಮೇಲೆಯೇ ಅತ್ತಿ ಅ, ಆ ತಿದ್ದಿಸುತ್ತಿದ್ದಳು. ಪಕ್ಕದ ಮನೆಯ ಪಿಂಜಾರರ ಹುಡುಗಿಯೂ ಬಂದು ಕೂಡುತ್ತಿದ್ದಳು. ಅವಳ ಅಪ್ಪ ಊರೂರಿಗೆ ಹೋಗಿ ಗಾದಿಯ ಅರಳೆ ಹಿಂಜಿ ಬರುವವನು. ಅವಳ ಅವ್ವನಿಗೆ ನಾವು ಖಾಲಾ ಎನ್ನುತ್ತಿದ್ದೆವು.

ಮಧ್ಯಾಹ್ನ ಅಡಿಗೆ ಮನೆಯ ಕೆಲಸ ಮುಗಿದ ಮೇಲೆ ಅತ್ತಿ ಮೊರದ ಮುಂದೆ ಕೂತು ಕತೆ ಶುರು ಮಾಡುವಳು. ರಾಜ ರಾಣಿಯರ ಕತೆ ಅವಳಿಗೆ ಬರುತ್ತಿರಲಿಲ್ಲವೋ, ಬೇಡವಾಗಿತ್ತೋ. ಒಬ್ಬ ಒಕ್ಕಲಿಗ, ಅವನ ಹೆಂಡತಿ, ನಾಲ್ಕು ಮಕ್ಕಳು. ಮಕ್ಕಳು ಕಳ್ಳಿಸಾಲಿನಲ್ಲಿ ಚಪ್ಪಲಿ ಕಳೆದುಕೊಳ್ಳುತ್ತಾರೆ, ಹಸಿ ಜೋಳದ ಸೀತನಿ ಸುಡಲು ಹೋಗಿ ಬಣವೆಗೆ ಬೆಂಕಿ ತಾಗಿಸುವಷ್ಟರಲ್ಲಿ ಸಿಕ್ಕಿಬೀಳುತ್ತಾರೆ. ಮೊದಮೊದಲು ಆ ಮನೆಯಲ್ಲಿ ಮೂರೇ ಮಕ್ಕಳಿದ್ದರು. ನಾಲ್ಕನೆಯದನ್ನು ಸೇರಿಸಿದ್ದು ನನ್ನ ತಂಗಿ.

‘ಅತ್ತಿ, ಆ ಮನ್ಯಾಗ ನಾ ಎಲ್ಲಿ ಅದೀನಿ?’

‘ನೀ ಇಲ್ಲಿ ಅದಿಯಲ್ಲ ಬೇ, ನನ್ನ ಮುಂದ.’

‘ಇಲ್ಲಿ ಬ್ಯಾಡ. ಅಲ್ಲಿ ಇರ್ಬೇಕು.’

ಕಾಲು ಬಡಿದು ಅತ್ತಳು. ಆ ಹೊತ್ತಿನಿಂದ ಕತೆಯ ಮನೆಯಲ್ಲಿ ಒಬ್ಬ ಸಣ್ಣಾಕಿ ಹುಟ್ಟಿದಳು. ಉಳಿದ ಮೂವರಿಗೆ ಹೆಸರಿತ್ತು. ಇವಳಿಗೆ ಹೆಸರಿಲ್ಲ, ಸಣ್ಣಾಕಿ ಅಷ್ಟೇ. ದೊಡ್ಡವರು ಮಾಡಿದ್ದನ್ನೆಲ್ಲ ಅವ್ವನ ಮುಂದೆ ಹೇಳಿಬಿಡುವುದು ಸಣ್ಣಾಕಿಯ ಕೆಲಸ. ಪಿಂಜಾರರ ಹುಡುಗಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಯಾಕೆಂದರೆ ತಂಗಿ ನಿಜಕ್ಕೂ ಹಾಗೆಯೇ ಇದ್ದಳು.

ಆ ವರ್ಷದ ಮಳೆಗಾಲದಲ್ಲಿ ಭೀಮೆಯ ಆಚೆಯ ದಂಡೆಗೆ ಸ್ವಾತಂತ್ರ್ಯ ಬಂತು. ಈಚೆಯ ದಂಡೆಗೆ ಬರಲಿಲ್ಲ. ಆಚೆ ಭಜಂತ್ರಿ ಬಾರಿಸುತ್ತಿದ್ದುದು ನಮಗೆ ಕೇಳುತ್ತಿತ್ತು. ನಮ್ಮೂರ ಮಂದಿ ಹೊಳೆಯ ಕಡೆ ಮುಖ ಮಾಡಿ ನಿಂತು ಸುಮ್ಮನೆ ಕೇಳಿದರು, ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಳೆ ಒಳಗೆ ಬರುವ ಹೊತ್ತಿಗೆ ನಿಜಾಮನ ಪರವಾಗಿ ಹತ್ಯಾರ ಹಿಡಿದ ಗುಂಪುಗಳು ಊರಿಂದ ಊರಿಗೆ ತಿರುಗತೊಡಗಿದವು. ಕಾಳು ಒಯ್ದರು, ದನ ಒಯ್ದರು. ಒಂದು ಕಡೆ ಬಣವೆ ಸುಟ್ಟರೆಂದು, ಮತ್ತೊಂದು ಕಡೆ ಮನುಷ್ಯರನ್ನೇ ಎಳೆದೊಯ್ದರೆಂದು ಸುದ್ದಿ ಬರುತ್ತಿತ್ತು. ನಿಜಾಮನ ವಿರುದ್ಧ ಹೋರಾಡುವ ಹೊಳೆಯಾಚೆಯ ಹುಡುಗರಿಗೆ ಅಪ್ಪ ಅನ್ನ ಹಾಕುತ್ತಾನೆ ಎಂದು ಯಾರೋ ಚಾಡಿ ಹೇಳಿದರು. ಅಪ್ಪ ನಿಜವಾಗಿ ಹಾಕಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಮುಂಜಾನೆ ಪಿಂಜಾರ ಚಾಚಾ ಹಿತ್ತಲ ಬಾಗಿಲಿಗೆ ಬಂದ. ‘ಗೌಡ್ರ, ಇವತ್ತ ನಾಳಿ ನಿಮ್ಮ ಮನಿಗಿ ಬರ್ತಾರ. ನಾ ಕಿವಿಯಾರೆ ಕೇಳೇನಿ. ಹೆಣ್ಮಕ್ಕಳನ್ನ ದಾಟಸ್ರಿ,’ ಎಂದ.

‘ಹ್ಯಾಂಗ ದಾಟಸ್ಲಿ? ಹೊಳಿ ದಾರ್ಯಾಗ ಕಾವಲ ಕೂತಾರ,’ ಎಂದ ಅಪ್ಪ.

‘ನನ್ನ ಬಂಡಿ ಅದ. ಅರಳಿ ಅದ. ನನ್ನನ್ನ ಯಾರು ಕೇಳ್ತಾರ?’

ಅಪ್ಪ ಒಬ್ಬನೇ ಬೇರೆ ದಾರಿಯಿಂದ ಹೊರಟ. ಅವ್ವ, ಅತ್ತಿ, ನಾನು, ತಂಗಿ ಚಾಚಾನ ಬಂಡಿಯಲ್ಲಿ ಮಲಗಿದೆವು. ನಮ್ಮ ಮೇಲೆ ಗಾದಿ, ಗಾದಿಯ ಮೇಲೆ ಹಿಂಜಿದ ಅರಳೆಯ ಗಂಟುಗಳು. ಖಾಲಾ ನಮ್ಮ ಎಮ್ಮೆಯನ್ನು ತನ್ನ ಅಂಗಳಕ್ಕೆ ಹೊಡೆದುಕೊಂಡು ಹೋದಳು. ‘ನೀವು ಬರೂತನಕಾ ನಾ ನೋಡ್ಕೋತೀನಿ,’ ಎಂದು ಅವ್ವನ ಕೈ ಹಿಡಿದು ಹೇಳಿದಳು. ಅವಳ ಮಗಳು ಊರ ಅಗಸೆಯ ಬಾಗಿಲ ತನಕ ಬಂಡಿಯ ಹಿಂದೆ ಬಂದಳು. ಅವಳ ಕಾಲ್ಗೆಜ್ಜೆ ಕೇಳುತ್ತಿತ್ತು, ಮುಖ ಕಾಣಲಿಲ್ಲ.

ಅರಳೆಯ ಧೂಳು ಮೂಗಿಗೆ ಹೋಗಿ ತಂಗಿ ಕೊಸರತೊಡಗಿದಳು. ಬಂಡಿ ನಿಂತಿತು. ಹೊರಗೆ ಗಂಡಸರ ದನಿ. ಅತ್ತಿ ತಂಗಿಯ ಮುಖವನ್ನು ತನ್ನ ಎದೆಗೆ ಒತ್ತಿಕೊಂಡು ಅವಳ ಕಿವಿಯಲ್ಲಿ ಉಸಿರಿನಷ್ಟೇ ಸಣ್ಣ ದನಿಯಲ್ಲಿ ಕತೆ ಹೇಳುತ್ತಿದ್ದಳು: ಸಣ್ಣಾಕಿ ಕಣಜದಲ್ಲಿ ಅಡಗಿದಳು, ದೊಡ್ಡವರು ಹುಡುಕುತ್ತಿದ್ದಾರೆ, ಉಸಿರು ಬಿಟ್ಟರೆ ಸಿಕ್ಕಳು. ತಂಗಿ ಸಿಗಬಾರದೆಂದು ಬಾಯಿ ಬಿಗಿಹಿಡಿದಳು. ‘ಗಾದಿ ಅದಾವ ಸಾಹೇಬ, ಹೊಳಿ ದಂಡಿ ಊರಿನವರವು,’ ಎಂದು ಚಾಚಾ ಅನ್ನುತ್ತಿದ್ದ. ಒಂದು ಕೋಲು ಅರಳೆಯೊಳಗೆ ಇಳಿದು ನನ್ನ ತೊಡೆಯ ಪಕ್ಕ ಕಟ್ಟಿಗೆಗೆ ತಾಗಿತು. ಆಮೇಲೆ ಬಂಡಿ ನಡೆಯಿತು.

ಹೊಳೆ ದಾಟಿ ಇಂಡಿ ಕಡೆಯ ಒಂದು ಊರಲ್ಲಿ, ಮುಚ್ಚಿಹೋಗಿದ್ದ ಹತ್ತಿ ಜಿನ್ನಿನ ತಗಡಿನ ಶೆಡ್ಡಿನಲ್ಲಿ ನಮಗೆ ಜಾಗ ಸಿಕ್ಕಿತು. ಅಪ್ಪ ಅಲ್ಲಿಗೆ ಬಂದು ಕೂಡಿಕೊಂಡ. ಸೋದರಮಾವನ ಮನೆ ಆ ಹೊತ್ತಿಗೆ ಪಾಲಾಗಿ ಹೋಗಿತ್ತು. ಅವರ ಮಕ್ಕಳು ಒಂದು ಚೀಲ ಜೋಳ ಕಳಿಸಿ ಕೈತೊಳೆದುಕೊಂಡರು. ಅಫಜಲಪುರ, ಆಳಂದ ಕಡೆಯಿಂದ ಓಡಿಬಂದ ಎಷ್ಟೋ ಸಂಸಾರಗಳು ಆ ಶೆಡ್ಡಿನಲ್ಲಿದ್ದವು. ಹಳೆಯ ಸೀರೆ ಕಟ್ಟಿ ಒಬ್ಬೊಬ್ಬರು ಒಂದೊಂದು ಮೂಲೆ ಮಾಡಿಕೊಂಡಿದ್ದರು. ಬೇಸಗೆ ಬಂದಾಗ ತಗಡು ಕಾದು ಒಳಗೆ ರೊಟ್ಟಿಯ ಹಂಚಿನ ಮೇಲೆ ಕೂತಂತಾಗುತ್ತಿತ್ತು. ಅತ್ತಿ ಅಲ್ಲಿಯೂ ಕತೆ ಹೇಳಿದಳು. ಈಗ ಕೇಳಲು ನಾವಿಬ್ಬರೇ ಅಲ್ಲ, ಶೆಡ್ಡಿನ ಮಕ್ಕಳೆಲ್ಲ ಬಂದು ಕೂಡುತ್ತಿದ್ದರು. ಅವರಿಗಾಗಿ, ಕತೆ ಮರೆತುಹೋಗಬಾರದೆಂದು, ಅತ್ತಿ ಸಾಲೆಯ ಮಾಸ್ತರರಿಂದ ಹಾಳೆ ಬೇಡಿ ತಂದು ಬರೆಯಲು ಶುರು ಮಾಡಿದ್ದು ಅಲ್ಲಿಯೇ.

ಮೊದಲ ಮಳೆ ಬಿದ್ದ ಮೇಲೆ ಶೆಡ್ಡಿನ ಮಕ್ಕಳಿಗೆ ಭೇದಿ ಹತ್ತಿತು. ತಂಗಿಗೂ ಹತ್ತಿತು, ಮೇಲೆ ಜ್ವರ. ಔಷಧಿ ಕೊಟ್ಟವರು ಹಾಲು ಮುಟ್ಟಿಸಬೇಡಿ, ಗಟ್ಟಿಯಾದದ್ದು ಏನನ್ನೂ ಕೊಡಬೇಡಿ, ಗಂಜಿಯ ತಿಳಿನೀರು ಅಷ್ಟೇ ಎಂದರು. ತಂಗಿ ಕೆನೆ ಕೇಳಿದಳು. ಊರಲ್ಲಿ ಅವ್ವ ಹಾಲು ಕಾಸಿ ಆರಿಸಿದ ಮೇಲೆ ಬೆರಳಿನಿಂದ ಕೆನೆ ಎತ್ತಿ ಅವಳ ಬಾಯಿಗೆ ಇಡುತ್ತಿದ್ದಳು. ‘ಎಮ್ಮಿ ಖಾಲಾನ ಮನ್ಯಾಗ ಅದ,’ ಎಂದು ಅವ್ವ ಸಮಾಧಾನ ಮಾಡಿದಳು. ‘ಖಾಲಾನ ಮನಿಗಿ ಹೋಗೂಣ ನಡಿ,’ ಎಂದು ತಂಗಿ ಹಟ ಹಿಡಿದಳು.

ಅವ್ವ ಕೊಡಲಿಲ್ಲವೆಂದು ತಂಗಿ ಅತ್ತಿಯ ಕಡೆ ತಿರುಗಿದಳು.

‘ಅತ್ತಿ, ಕತ್ಯಾಗ ಸಣ್ಣಾಕಿ ಏನ ಉಣ್ಣಾಕತ್ಯಾಳ?’

ಅತ್ತಿ ಅವ್ವನ ಮುಖ ನೋಡಿದಳು. ಊಟದ ಹೆಸರು ತೆಗೆದರೆ ಮಗು ಇನ್ನೂ ಹಟ ಮಾಡೀತೆಂದು ಅವ್ವ ತಲೆ ಅಲ್ಲಾಡಿಸಿದಳು.

‘ಅಡಗಿ ಇನ್ನಾ ಆಗಿಲ್ಲ ಬೇ,’ ಎಂದಳು ಅತ್ತಿ.

‘ಯಾವಾಗ ಆಗ್ತದ?’

‘ಆಗ್ತದ ತಡಿ. ಒಲಿ ಹಚ್ಯಾರ.’

ಆ ಮಧ್ಯಾಹ್ನ ತಂಗಿ ಮತ್ತೆ ಮತ್ತೆ ಕೇಳಿದಳು. ಅತ್ತಿ ಮತ್ತೆ ಮತ್ತೆ ಒಲೆ ಹಚ್ಚಿಸಿದಳು, ಎಸರು ಇಡಿಸಿದಳು, ಜೋಳ ಬೀಸಿಸಿದಳು. ಕತೆಯಲ್ಲಿ ಅಡಿಗೆ ಆಗಲೇ ಇಲ್ಲ. ಮರುದಿನ ಹೊತ್ತೇರುವಷ್ಟರಲ್ಲಿ ತಂಗಿ ಹೋದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂಡಿಸಿ ಮಣ್ಣು ಕೊಡುತ್ತೇವೆ. ಸ್ವಂತ ಹೊಲದ ಮೂಲೆಯಲ್ಲಿ ಹಿರಿಯರ ಪಕ್ಕ ಇಡುವುದು ರೂಢಿ. ನಮ್ಮ ಹೊಲ ಈಗ ಹೊಳೆಯ ಆಚೆಗಿತ್ತು, ಹೊಳೆ ತುಂಬಿತ್ತು, ದಾಟಿದರೂ ಕಾವಲಿತ್ತು. ಅಪ್ಪ ಯಾರದೋ ಹೊಲದ ಒಡೆಯನ ಮುಂದೆ ಕೈಮುಗಿದು ಬದುವಿನ ಮೇಲೆ ಒಂದಿಷ್ಟು ಜಾಗ ಬೇಡಿದ. ಆತ ಒಳ್ಳೆಯವನು, ಇಲ್ಲವೆನ್ನಲಿಲ್ಲ. ಆದರೆ ಅಪ್ಪ ಜಾಗ ಬೇಡಿದ ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವ್ವ ಅಳಲಿಲ್ಲ. ಮಣ್ಣು ಮುಚ್ಚುವಾಗ ಒಂದೇ ಮಾತು ಅಂದಳು, ‘ಹಸದ ಹೊಟ್ಟೀಲೆ ಕಳಸಿದೆವು.’

ಅತ್ತಿ ಅವತ್ತಿನಿಂದ ಕತೆ ಹೇಳುವುದನ್ನೇ ನಿಲ್ಲಿಸಿದಳು. ಶೆಡ್ಡಿನ ಮಕ್ಕಳು ಬಂದು ಸೀರೆಯ ಪರದೆಯಾಚೆ ಕೂತು ಕಾಯುತ್ತಿದ್ದರು. ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಬರೆದ ಹಾಳೆಗಳನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಸೀರೆ ಮುಚ್ಚಿದಳು.

ಮಳೆಗಾಲದ ಕೊನೆಗೆ ದೇಶದ ಸೈನ್ಯ ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಶೆಡ್ಡಿನಲ್ಲಿ ಮಂದಿ ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಗಂಟು ಕಟ್ಟಿದರು. ನಾವು ಸ್ವಲ್ಪ ತಡವಾಗಿ ಹೊರಟೆವು. ಅವ್ವನಿಗೆ ಆ ಬದು ಬಿಟ್ಟು ಬರುವ ಮನಸ್ಸಿರಲಿಲ್ಲ.

ಮಣ್ಣೂರಿನಲ್ಲಿ ನಮ್ಮ ಮನೆಯ ಬಾಗಿಲು ಮುರಿದಿತ್ತು, ಕಣಜ ಖಾಲಿಯಾಗಿತ್ತು. ಅದನ್ನು ನಾವು ನಿರೀಕ್ಷಿಸಿದ್ದೆವು. ಪಕ್ಕದ ಮನೆಯನ್ನು ನೋಡಲು ಯಾರೂ ತಯಾರಿರಲಿಲ್ಲ. ಪಿಂಜಾರರ ಮನೆಗೆ ಸೂರೇ ಉಳಿದಿರಲಿಲ್ಲ. ಜಂತಿಗಳನ್ನು ಕೂಡ ಕಿತ್ತೊಯ್ದಿದ್ದರು. ಅಂಗಳದ ತುಂಬ ಕೊಳೆತ ಅರಳೆ. ಅರಳೆ ಹಿಂಜುವ ಬಿಲ್ಲು ಎರಡು ತುಂಡಾಗಿ ಬಿದ್ದಿತ್ತು. ಆಳ್ವಿಕೆ ಬದಲಾದ ಆ ವಾರಗಳಲ್ಲಿ, ಹತ್ಯಾರ ಹಿಡಿದವರ ಮೇಲಿನ ಸಿಟ್ಟನ್ನು ಊರೂರಲ್ಲಿ ಹತ್ಯಾರ ಮುಟ್ಟದವರ ಮೇಲೆ ತೀರಿಸಿಕೊಂಡಿದ್ದರು. ನಮ್ಮೂರಲ್ಲಿಯೂ ಹಾಗೆಯೇ ಆಗಿತ್ತು. ‘ಯಾರ ಮಾಡಿದ್ರು?’ ಎಂದು ಅಪ್ಪ ಚಾವಡಿಯಲ್ಲಿ ನಿಂತು ಕೇಳಿದ. ಯಾರೂ ತಲೆ ಎತ್ತಲಿಲ್ಲ. ‘ಹೊರಗಿನ ಮಂದಿ ಬಂದಿದ್ರು,’ ಎಂದು ಒಬ್ಬ ಅಂದ. ಸಂಜೆಯ ಹೊತ್ತಿಗೆ ನಮ್ಮ ಎಮ್ಮೆ ತಾನಾಗಿಯೇ ನಮ್ಮ ಗೋದಲಿಗೆ ಬಂದು ನಿಂತಿತ್ತು. ಯಾರು ತಂದು ಬಿಟ್ಟರೆಂಬುದನ್ನೂ ಊರು ಹೇಳಲಿಲ್ಲ. ಅವ್ವ ಅದರ ಹಾಲು ಕರೆಯಲು ಹೋಗಲಿಲ್ಲ. ಕೆಚ್ಚಲು ತುಂಬಿ ಅದು ಒದರುವಾಗ ಅತ್ತಿ ಎದ್ದು ಹೋಗಿ ಕರೆದಳು.

ಖಾಲಾ ಆಳಂದದ ತನ್ನ ತವರಲ್ಲಿದ್ದಾಳೆಂದು ಸುದ್ದಿ ಬಂದ ಮೇಲೆ ಅಪ್ಪ ಬಂಡಿ ಕಟ್ಟಿಕೊಂಡು ಹೋದ. ಜೋಳ, ಬೇಳೆ, ಒಂದು ಗಡಿಗೆ ತುಪ್ಪ ಒಯ್ದಿದ್ದ. ಅವರನ್ನು ಕರೆತರುತ್ತೇನೆ, ಮನೆ ಕಟ್ಟಿಸಿ ಕೊಡುತ್ತೇನೆ ಎಂದು ಹೋದವನು ಖಾಲಿ ಬಂಡಿಯಲ್ಲಿ ತಿರುಗಿ ಬಂದ. ಕಾಲು ತೊಳೆದುಕೊಳ್ಳದೆ ಕಟ್ಟೆಯ ಮೇಲೆ ಕೂತ.

‘ಹುಡುಗಿ ಜೀವಂತ ಅದಾಳ,’ ಎಂದ. ‘ಅವರಪ್ಪ ಇಲ್ಲ. ಅವರವ್ವ ಬರಂಗಿಲ್ಲ ಅಂದಳು. ಆ ಊರಿನ ನೀರಿನ ಋಣ ತೀರಿತ್ರಿ ಗೌಡ್ರ ಅಂದಳು.’

ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ‘ನಮ್ಮನ್ನ ಕೇಳಿದಳೇನು?’

‘ಕೇಳಿದಳು.’ ಅಪ್ಪ ರುಮಾಲು ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡ. ‘ಎಲ್ಲಾರಿಗಿಂತ ಮೊದಲ ಸಣ್ಣಾಕಿನ್ನ ಕೇಳಿದಳು. ಅಂತಾದ್ರಾಗ ತನ್ನ ಗಂಡನ್ನ ಮಣ್ಣ ಮಾಡಿ ಕೂತಾಕಿ. ಹ್ಯಾಂಗ ಹೇಳ್ಲಿ? ಆರಾಮ ಅದಾಳ ಅಂದೆ.’

‘ಆಮ್ಯಾಲ?’ ಎಂದಳು ಅವ್ವ.

‘ದೊಡ್ಡಾಕಿ ಆಗ್ಯಾಳೇನ್ರಿ ಅಂದಳು. ಹೂಂ ಅಂದೆ. ಚಾಡಿ ಹೇಳೂದು ಬಿಟ್ಟಾಳೇನ್ರಿ ಅಂತ ಆ ಹುಡುಗಿ ಕೇಳ್ತು. ಇಲ್ಲವ್ವಾ, ಇನ್ನಾ ಹೇಳ್ತಾಳ ಅಂದೆ. ಆ ಹುಡುಗಿ ನಕ್ತು.’

ಅಪ್ಪ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಅತ್ತಿ ಅವನ ಪಕ್ಕ ಕೂತು, ಚಿಕ್ಕ ಹುಡುಗನಿಗೆ ಮಾಡುವಂತೆ, ಬೆನ್ನ ಮೇಲೆ ಕೈಯಾಡಿಸಿದಳು. ‘ತಪ್ಪ ಮಾಡಿಲ್ಲ ಬಿಡೋ ತಮ್ಮಾ,’ ಎಂದಳು. ‘ಆ ಮನ್ಯಾಗರೆ ಇರ್ಲಿ.’

ಮರುದಿನ ಅತ್ತಿ ಟ್ರಂಕು ತೆಗೆದಳು. ನನಗೆ ಆಗ ಅರ್ಥವಾಗಲಿಲ್ಲ. ಈಗ ಅನ್ನಿಸುತ್ತದೆ, ಆಳಂದದ ಒಂದು ಮನೆಯಲ್ಲಿ ತಂಗಿ ಇನ್ನೂ ಇದ್ದಾಳೆ ಎಂಬುದು ಅವಳಿಗೆ ಒಂದು ದಾರಿ ಬಿಟ್ಟುಕೊಟ್ಟಿತು. ಪಡಸಾಲೆಯಲ್ಲಿ ಮೊಳಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆಯತೊಡಗಿದಳು. ಬರೆದದ್ದನ್ನು ಮಧ್ಯಾಹ್ನ ಗಟ್ಟಿಯಾಗಿ ಓದಿ ನೋಡುತ್ತಿದ್ದಳು. ಸಣ್ಣಾಕಿ ಮಳೆಯಲ್ಲಿ ಓಡುತ್ತಿದ್ದಳು, ಎಮ್ಮೆಯ ಬಾಲ ಹಿಡಿದು ಹೊಳೆಗೆ ಇಳಿಯುತ್ತಿದ್ದಳು. ನನಗೆ ಕೇಳಲಾಗುತ್ತಿರಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಅವ್ವ ರೊಟ್ಟಿ ತಟ್ಟುತ್ತ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಬೈಯುತ್ತಾಳೆಂದು ನಾನು ಹೆದರಿದೆ. ಅತ್ತಿಯೂ ಹೆದರಿದಳು, ಹಾಳೆ ಮಡಚಿದಳು.

‘ಅಕ್ಕಾ,’ ಎಂದಳು ಅವ್ವ. ‘ಆಕಿ ಮುಂಜಾನಿಂದ ಓಡಾಡಾಕತ್ಯಾಳಲ್ರಿ. ಏನರೆ ಉಂಡಾಳೇನು?’

ಅತ್ತಿ ಮಡಚಿದ ಹಾಳೆಯನ್ನು ಮತ್ತೆ ಬಿಡಿಸಿದಳು.

‘ಉಣಸ್ರಿ. ಮೊದಲ ಉಣಸ್ರಿ, ಆಮ್ಯಾಲ ಹೊಳಿಗಿ ಕಳಸ್ರಿ.’

‘ಏನ ಉಣಸ್ಲಿ ಬೇ? ನೀನೇ ಹೇಳು.’

ಅವ್ವ ಹೊಸ್ತಿಲ ಮೇಲೆ ಕೂತಳು. ಹೇಳಿದಳು. ಬಿಸಿ ರೊಟ್ಟಿಯ ಮೇಲಿನ ಪದರು ಬಿಡಿಸಿ ಅದರೊಳಗೆ ಬೆಣ್ಣೆ. ಪುಂಡಿಪಲ್ಯ, ಆದರೆ ಅವಳಿಗೆ ಖಾರ ಆಗದಂತೆ ಬೆಲ್ಲ ನಂಚಿ. ಹಾಲು ಗಟ್ಟಿ ಕಾಸಬೇಕು, ಆರಿಸಬೇಕು, ಕೆನೆಗೆ ಒಂದು ಚಿಟಿಕೆ ಸಕ್ಕರೆ. ಬಟ್ಟಲು ಅವಳ ಕೈಗೇ ಕೊಡಬಾರದು, ಚೆಲ್ಲುತ್ತಾಳೆ. ಹೇಳುತ್ತ ಹೇಳುತ್ತ ಅವಳ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತು. ಅತ್ತಿ ಒಂದಕ್ಷರ ಬಿಡದೆ ಬರೆದುಕೊಂಡಳು. ಕೊನೆಗೆ ಅವ್ವ ಕೇಳಿದಳು, ‘ಆ ಪಿಂಜಾರ ಹುಡುಗಿ ಕತ್ಯಾಗ ಎಲ್ಲಿ ಅದಾಳ್ರಿ?’

‘ಇನ್ನಾ ತಂದಿಲ್ಲ.’

‘ಆಕಿನ್ನೂ ಕರಕೊಂಡ ಬಂದು ಬಾಜೂಕ ಕೂಡಸ್ರಿ. ಇಬ್ರೂ ಉಣ್ಲಿ.’

ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಹೊಲದ ಬದುವಿನಲ್ಲಿ ಬರದ ಅಳು ಅವತ್ತು ಬಂತು. ಒಲೆಯ ಮೇಲಿನ ರೊಟ್ಟಿ ಕರಕಾಗಿ ಮನೆಯೆಲ್ಲ ಹೊಗೆ ತುಂಬಿತು. ನಾನು ಓಡಿ ಹೋಗಿ ಹಂಚು ಇಳಿಸಿದೆ.

ಆ ಚಳಿಗಾಲವೆಲ್ಲ ಹೀಗೆಯೇ ನಡೆಯಿತು. ಪ್ರತಿ ಅಧ್ಯಾಯದಲ್ಲಿಯೂ ಮಕ್ಕಳು ಎಲ್ಲಿಗೇ ಹೋಗಲಿ, ಹೋಗುವ ಮೊದಲು ಊಟ ಮಾಡಿಯೇ ಹೋಗಬೇಕು. ಅವ್ವ ಹೇಳುವಳು, ಅತ್ತಿ ಬರೆಯುವಳು. ಕೆಲವು ದಿನ ಇಬ್ಬರಿಗೂ ಒಂದು ಸಾಲಿನಿಂದ ಮುಂದೆ ಹೋಗಲಾಗುತ್ತಿರಲಿಲ್ಲ. ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ದನಗಳಿಗೆ ನೀರು ಕುಡಿಸಲು ಹೋಗುತ್ತಿದ್ದರು.

ಪುಸ್ತಕ ಅಚ್ಚಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಶೆಡ್ಡಿನಲ್ಲಿ ಹಾಳೆ ಕೊಟ್ಟಿದ್ದ ಮಾಸ್ತರರೇ ಓಡಾಡಿ ಅಚ್ಚು ಹಾಕಿಸಿದರು. ಜನ ಮೆಚ್ಚಿದರು. ಹಳ್ಳಿಯ ಮನೆಯ ಊಟದ ಘಮಘಮ ಇದರಲ್ಲಿದೆ, ಓದಿದರೆ ಹಸಿವಾಗುತ್ತದೆ ಎಂದು ಹೊಗಳಿದರು. ಅಪ್ಪ ಒಂದು ಪ್ರತಿಯನ್ನು ಆಳಂದಕ್ಕೆ ಒಯ್ಯಬೇಕೆಂದು ಬಟ್ಟೆಯಲ್ಲಿ ಸುತ್ತಿ ಇಟ್ಟ. ಹೋಗುವುದಕ್ಕೆ ಧೈರ್ಯ ಸಾಲಲಿಲ್ಲ. ಖಾಲಾ ಮತ್ತು ಅವಳ ಮಗಳು ಅಷ್ಟರೊಳಗೆ ಅಲ್ಲಿಂದ ಹೈದರಾಬಾದಿಗೆ ಹೋಗಿದ್ದರೆಂದು ತಡವಾಗಿ ತಿಳಿಯಿತು. ಅವರನ್ನು ನಾವು ಮತ್ತೆ ಕಾಣಲಿಲ್ಲ.

ಅತ್ತಿ ಅದೇ ಮನೆಯ ಮೇಲೆ ಇನ್ನೂ ಕೆಲವು ಪುಸ್ತಕ ಬರೆದಳು. ಅವುಗಳಲ್ಲಿ ದೊಡ್ಡ ಮಕ್ಕಳು ಬೆಳೆದರು. ಒಬ್ಬ ಹೊಲ ಮಾಡಿದ, ಒಬ್ಬಳ ಮದುವೆಯಾಯಿತು. ಸಣ್ಣಾಕಿ ಮಾತ್ರ ಅಷ್ಟೇ ಉಳಿದಳು, ಲಂಗದ ಲಾಡಿ ಕಟ್ಟಲು ಬಾರದವಳು. ಒಬ್ಬ ಶಿಕ್ಷಕರು ಮನೆಯ ತನಕ ಬಂದು, ‘ಇದೊಂದು ತಪ್ಪಾಗಿದೆ ತಾಯಿ, ಅಕ್ಕನ ಮದುವೆಯ ಹೊತ್ತಿಗೆ ಈ ಮಗು ಎಷ್ಟು ದೊಡ್ಡದಾಗಬೇಕಿತ್ತು, ಮುಂದಿನ ಅಚ್ಚಿನಲ್ಲಿ ತಿದ್ದಿರಿ,’ ಎಂದು ವಿನಯದಿಂದಲೇ ಹೇಳಿದರು.

‘ನೋಡ್ತೀನ್ರಿ,’ ಎಂದಳು ಅತ್ತಿ. ಅವರಿಗೆ ಚಹಾ ಕೊಟ್ಟು ಕಳಿಸಿದಳು. ಮುಂದಿನ ಅಚ್ಚಿನಲ್ಲಿ ಅವಳು ಏನನ್ನೂ ತಿದ್ದಲಿಲ್ಲ.